ಲಿಫ್ಟ್‌ನೊಳಗೆ ಮೊಬೈಲ್ ಸಿಗ್ನಲ್ ಹೋಗುವುದೇಕೆ? ಇಲ್ಲಿದೆ ವೈಜ್ಞಾನಿಕ ಕಾರಣ

ಲಿಫ್ಟ್‌ನ ಬಾಗಿಲು ಮುಚ್ಚುತ್ತಿದ್ದಂತೆ ಮೊಬೈಲ್ ಕರೆ ಕಡಿದುಹೋಗುವುದು ಬಹುತೇಕ ಎಲ್ಲರಿಗೂ ಗೊತ್ತಿರುವ ಅನುಭವ. ಇದಕ್ಕೆ ನೆಟ್‌ವರ್ಕ್ ಕಂಪನಿಯೇ ಕಾರಣವಾಗಿರಬೇಕಿಲ್ಲ. ಹಲವು ಬಾರಿ ಲಿಫ್ಟ್‌ನ ಲೋಹದ ಗೋಡೆಗಳೇ ಸಿಗ್ನಲ್‌ಗೆ ಅಡ್ಡ ಬರುತ್ತವೆ.

ಏನಿದು ಫ್ಯಾರಡೆ ಪಂಜರ?

ಬ್ರಿಟಿಷ್ ವಿಜ್ಞಾನಿ ಮೈಕೆಲ್ ಫ್ಯಾರಡೆ 1836ರಲ್ಲಿ ಲೋಹದ ಹಾಳೆ ಹೊದಿಸಿದ ಕೋಣೆಯೊಂದನ್ನು ನಿರ್ಮಿಸಿ, ಅದರ ಹೊರಮೈಗೆ ಅಧಿಕ ವೋಲ್ಟೇಜ್ ವಿದ್ಯುತ್ ಹಾಯಿಸಿದರು. ಒಳಗೆ ಅದರ ಪರಿಣಾಮ ಕಾಣಲಿಲ್ಲ. ಹೀಗಾಗಿ ಇಂಥ ರಚನೆಗೆ 'ಫ್ಯಾರಡೆ ಪಂಜರ' ಎಂಬ ಹೆಸರು ಬಂತು.

ರೇಡಿಯೋ ತರಂಗ ಲೋಹಕ್ಕೆ ಬಡಿದಾಗ ಅದರಲ್ಲಿನ ಎಲೆಕ್ಟ್ರಾನ್‌ಗಳು ಅತ್ತಿತ್ತ ಚಲಿಸುತ್ತವೆ. ಇದರಿಂದ ತರಂಗದ ಬಹುಭಾಗ ಪ್ರತಿಫಲಿಸಿ ಹಿಂದಿರುಗುತ್ತದೆ. ಒಳಹೊಕ್ಕ ಅಲ್ಪ ಭಾಗವೂ ಬೇಗನೆ ಕ್ಷೀಣಿಸುತ್ತದೆ. 900 ಮೆಗಾಹರ್ಟ್ಸ್ ತರಂಗದ ಬಲ ಅಲ್ಯೂಮಿನಿಯಂನಲ್ಲಿ 3 ಮೈಕ್ರಾನ್ ಸಾಗುವಷ್ಟರಲ್ಲೇ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಆಗಾಗ ಸಿಗ್ನಲ್ ಸಿಗುವುದು ಹೇಗೆ?

ಬಾಗಿಲಿನ ಸಂದು ಇದಕ್ಕೆ ಕಾರಣ. ಇಲ್ಲಿ ಸಂದಿನ ಅಗಲಕ್ಕಿಂತ ಉದ್ದವೇ ಮುಖ್ಯ. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂ.ಮೀ. ಅದರ ಅರ್ಧದಷ್ಟು ಅಥವಾ ಹೆಚ್ಚು ಉದ್ದದ ಸಂದು ಸಣ್ಣದಾಗಿದ್ದರೂ ತರಂಗ ನುಸುಳಬಲ್ಲದು. ಒಳಬಂದ ತರಂಗ ಗೋಡೆಯಿಂದ ಗೋಡೆಗೆ ಪುಟಿಯುವುದರಿಂದ ಒಂದು ಕಡೆ ಸಿಗ್ನಲ್ ಬಲವಾಗಿದ್ದರೆ, ಗೇಣು ದೂರದಲ್ಲೇ ಕ್ಷೀಣವಾಗಿರಬಹುದು.

ಅಡುಗೆಮನೆಯಲ್ಲೂ ಇದೇ ತತ್ವ

ಮೈಕ್ರೋವೇವ್ ಓವನ್‌ನಲ್ಲಿ 2.45 ಗಿಗಾಹರ್ಟ್ಸ್ ತರಂಗಗಳಿರುತ್ತವೆ. ಅವುಗಳ ಉದ್ದ ಸುಮಾರು 12 ಸೆಂ.ಮೀ. ಬಾಗಿಲಿನ ಜಾಲರಿಯ ರಂಧ್ರಗಳು ಅದಕ್ಕಿಂತ ತೀರಾ ಚಿಕ್ಕವಾದ್ದರಿಂದ ಬೆಳಕು ಹೊರಬಂದರೂ ತರಂಗಗಳು ಒಳಗೇ ಉಳಿಯುತ್ತವೆ. ಒಳಗೆ ಕೆಲವೆಡೆ ಬಿಸಿ ಹೆಚ್ಚು, ಕೆಲವೆಡೆ ಕಡಿಮೆ ಇರುವುದರಿಂದಲೇ ತಟ್ಟೆಯನ್ನು ತಿರುಗಿಸುವ ವ್ಯವಸ್ಥೆ ಇರುತ್ತದೆ. ಜಾಲರಿ ಅಥವಾ ಬಾಗಿಲು ಹಾನಿಗೊಂಡ ಓವನ್ ಬಳಸಬಾರದು.

ಲಿಫ್ಟ್‌ನಲ್ಲಿ ಸಿಲುಕಿದರೆ ಏನು ಮಾಡಬೇಕು?

* ಮೊಬೈಲ್ ಒಂದನ್ನೇ ನಂಬಬೇಡಿ. ಮೊದಲು ಅಲಾರಂ ಗುಂಡಿ ಒತ್ತಿ, ಇಂಟರ್‌ಕಾಂ ಇದ್ದರೆ ಬಳಸಿ.
* ಬಾಗಿಲಿನ ಸಂದಿನ ಬಳಿ ಮೊಬೈಲ್ ಹಿಡಿದು ಪ್ರಯತ್ನಿಸಿ. ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗಬಹುದು.
* ಸಿಗ್ನಲ್ ಹುಡುಕುವಾಗ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಅನಗತ್ಯ ಬಳಕೆ ಬೇಡ.
* ಬಾಗಿಲನ್ನು ಬಲವಂತವಾಗಿ ತೆರೆಯಲು ಹೋಗಬೇಡಿ.

ವಸತಿ ಸಂಕೀರ್ಣಗಳಲ್ಲಿ ಅಲಾರಂ ಮತ್ತು ಇಂಟರ್‌ಕಾಂ ಕೆಲಸ ಮಾಡುತ್ತಿವೆಯೇ ಎಂದು ಆಗಾಗ ಪರೀಕ್ಷಿಸುವುದು ಅಗತ್ಯ. ತುರ್ತು ಸಂದರ್ಭದಲ್ಲಿ ಮೊಬೈಲ್ ಕೈಕೊಟ್ಟರೆ ನೆರವಿಗೆ ಬರುವುದು ಅವೇ.