ನಾಲೆ ತಂದ ಕಬ್ಬು, ನಾವು ಮರೆತ ಸರದಿ

ಮೊನ್ನೆ ಕೂಳೆ ಕಬ್ಬಿಗೆ ನೀರು ಕಟ್ಟುವಾಗ ಪಕ್ಕದ ಗದ್ದೆ ಹುಡುಗ ಕೇಳಿದ, "ಅಣ್ಣ, ಮಂಡ್ಯದಲ್ಲಿ ಮೊದಲಿಂದ್ಲೂ ಕಬ್ಬೇನಾ?" ಅಲ್ಲ ಕಣಪ್ಪ ಅಂದೆ. ಅದನ್ನೇ ಇಲ್ಲಿ ಬರೀತಿದೀನಿ.

ನಮ್ಮ ಸೀಮೆ ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ. ಕಬ್ಬಿಗೆ ಅದರ ಎರಡು ಪಟ್ಟಿಗೂ ಮೇಲೆ ಬೇಕು. ಅದಕ್ಕೇ ಹಿಂದೆ ಇಲ್ಲಿ ಬಹುಪಾಲು ರಾಗಿ, ಹುರುಳಿ, ಅವರೆ. ಭತ್ತ, ಕಬ್ಬು ಏನಿದ್ರೂ ಕೆರೆ ಕೆಳಗೆ, ಹಳೇ ಕಾಲುವೆ ಬದಿಗೆ.

1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಹೊಲಗಳಿಗೆ ನೀರು ತಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ದುಡಿಮೆ ಇತ್ತು. ಬಿಸಿಲು ನಮ್ಮಲ್ಲಿ ಮೊದಲೇ ಇತ್ತು, ನೀರು ಸೇರಿದ ಮೇಲೆ ಕಬ್ಬು ಎದ್ದು ನಿಂತಿತು. ಮಾಗೋ ಹೊತ್ತಿಗೆ ಹಗಲು ಬಿಸಿಲು, ರಾತ್ರಿ ತಂಪು, ನೆಲ ತುಸು ಒಣಗಿದ್ರೆ ಸಕ್ಕರೆ ಅಂಶ ಏರುತ್ತೆ. ಆ ಹವೆ ನಮಗೆ ಪುಕ್ಕಟೆ ಸಿಕ್ಕಿದ್ದು.

ಆದ್ರೆ ಒಂದು ಮಾತು ಮರೆತಿದೀವಿ. ವಿಶ್ವೇಶ್ವರಯ್ಯನವರು ಮೈಸೂರಿಗೆ ಬರೋ ಮುಂಚೆ ಪುಣೆ ಕಡೆಯ ನೀರಾ ನಾಲೆಯಲ್ಲಿ ಬ್ಲಾಕ್ ಪದ್ಧತಿ ತಂದಿದ್ರು. ಅಲ್ಲಿ ನಾಲೆ ಪಕ್ಕದವರು ಕಬ್ಬಿಗೆ ನೀರು ಸುರಿದು ನೆಲ ಜವುಗಾಗಿತ್ತು, ದೂರದವರಿಗೆ ನೀರೇ ಇಲ್ಲ. ಅದಕ್ಕೆ ನೀರನ್ನ ಹಲವು ಊರಿಗೆ ಬ್ಲಾಕ್ ಮಾಡಿ ಹಂಚಿ, ಪ್ರತಿ ಬ್ಲಾಕಿನಲ್ಲಿ ಒಂದು ಪಾಲು ಮಾತ್ರ ಕಬ್ಬು, ಮಿಕ್ಕಿದ್ದಕ್ಕೆ ಕಮ್ಮಿ ನೀರಿನ ಬೆಳೆ, ವರ್ಷ ಬಿಟ್ಟು ವರ್ಷ ಸರದಿ. ನಮ್ಮ ನಾಲೆಗೂ ಕಬ್ಬು, ಭತ್ತ, ಅರೆಖುಷ್ಕಿ ಅಂತ ಇದೇ ಲೆಕ್ಕ ಹಾಕಿದ್ರು.

ನಾವು ಕಬ್ಬು ಇಟ್ಕೊಂಡು ಸರದಿ ಬಿಟ್ವಿ. ನಾನೂ ಬಿಟ್ಟೆ. ನಂದು ನಾಲೆ ತುದಿ ಜಮೀನು. 2023ರಲ್ಲಿ ಕಟ್ಟೆ ತುಂಬಲಿಲ್ಲ. ಕಬ್ಬಿಗೆ ಅತಿ ಹೆಚ್ಚು ನೀರು ಬೇಕಾದ್ದು ನಾಲ್ಕರಿಂದ ಒಂಬತ್ತನೇ ತಿಂಗಳು, ಗಣ್ಣು ಉದ್ದ ಎಳೆಯೋ ಕಾಲ. ಆಗಲೇ ನೀರು ನಿಂತು ಗಣ್ಣು ಗೇಣುದ್ದ ಆಗೋ ಬದಲು ಬೆರಳುದ್ದಕ್ಕೇ ಕುಗ್ಗಿತು. ಎರಡು ಎಕರೆ ಕಟಾವು ಕೂಲಿಗೂ ಹುಟ್ಟಲಿಲ್ಲ. ಅದೇ ವರ್ಷ ಮೂಲೆಯ ಹತ್ತು ಗುಂಟೆ ರಾಗಿ ಮನೆಗೆ ಬಂತು.

ಈ ಸಲ ಕೂಳೆ ಮುಗಿದ ಅರ್ಧ ಜಮೀನಿಗೆ ರಾಗಿ, ಅಲಸಂದೆ. ಉಳಿದ ಕಬ್ಬಲ್ಲಿ ತರಗು ಸುಡದೆ ಸಾಲಿಗೆ ಹೊದಿಸಿ, ಸಾಲು ಬಿಟ್ಟು ಸಾಲು ನೀರು. ನಾಲೆ ಮೇಲಿನವರೂ ಹಿಂಗೆ ಒಂದು ಪಾಲು ಬಿಟ್ರೆ ತುದಿಗೆ ನೀರು ಮುಟ್ಟುತ್ತೆ. ನಿಮ್ಮೂರಲ್ಲಿ ಹಿರೀಕರು ಸರದಿ ಹೆಂಗೆ ನಡೆಸ್ತಿದ್ರು ಅಂತ ಕೇಳಿ, ಬರೀರಿ.