ಮೋಟಾರುಗಾಡಿಯ ವಿದ್ಯುತ್ತು: ಅದರ ಚರಿತ್ರೆಯೂ ದೋಷಪರೀಕ್ಷೆಯೂ

ಮೋಟಾರುಗಾಡಿಯ ಚರಿತ್ರೆಯನ್ನು ಹೇಳುವವರು ಬಹುಮಟ್ಟಿಗೆ ಎಂಜಿನಿನ ಬಲವನ್ನೂ ಓಟದ ವೇಗವನ್ನೂ ವರ್ಣಿಸುವರು. ಆದರೆ ಹಳೆಯ ಗಾಡಿಯೊಂದು ನಡುದಾರಿಯಲ್ಲಿ ನಿಂತಾಗ ಕಾರಣವು ಅನೇಕ ವೇಳೆ ಎಂಜಿನಿನ ಉಕ್ಕಿನಲ್ಲಿರುವುದಿಲ್ಲ. ಬೆರಳಿಗಿಂತ ಸಣ್ಣದಾದ ಒಂದು ತಂತಿಯಲ್ಲಿರುತ್ತದೆ. ಆ ತಂತಿಗಳು ಗಾಡಿಯೊಳಕ್ಕೆ ಹೇಗೆ ಬಂದುವು, ಅವುಗಳ ಜೊತೆಗೆ ಯಾವ ದೋಷಗಳು ಬಂದುವು, ಅವನ್ನು ಕಂಡುಹಿಡಿಯುವ ಕ್ರಮವೇನು ಎಂಬುದನ್ನು ನಾವು ಈಗ ವಿಚಾರಿಸೋಣ.

ಬೆಂಗಳೂರಿನ ಪೂರ್ವಭಾಗದ ಹೊಸ ತಿಪ್ಪಸಂದ್ರದವರಿಗೆ ಈ ವಿಚಾರವು ದೂರದ್ದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರ ಸುಮಾರಿನಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ನಮ್ಮ ದೇಶದಲ್ಲಿಯೇ ಗಾಡಿಗಳನ್ನು ತಯಾರಿಸುವ ಯೋಜನೆಯೊಂದನ್ನು ರಚಿಸಿದರು. ಬ್ರಿಟಿಷ್ ಆಡಳಿತದ ಅನುಕೂಲ ಅದಕ್ಕೆ ದೊರೆಯಲಿಲ್ಲ. ಆ ಯೋಜನೆಯಲ್ಲಿ ಆಸಕ್ತರಾಗಿದ್ದ ವಾಲಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಹೊಸ ತಿಪ್ಪಸಂದ್ರದ ಬಡಾವಣೆಗೆ ಇಂದಿಗೂ ಎಚ್‌.ಎ.ಎಲ್. ಎಂಬ ಹೆಸರು ಅಂಟಿರುವುದು ಇದರಿಂದಲೇ. ಹೀಗೆ ನಮ್ಮಲ್ಲಿ ಮೋಟಾರಿಗಿಂತ ಮೊದಲು ವಿಮಾನವೇ ಸಿದ್ಧವಾಯಿತು. ಗಾಡಿಗಳ ಬಿಡಿಭಾಗಗಳಾದರೋ ಕಡಲು ದಾಟಿಯೇ ಬರಬೇಕಾಗಿತ್ತು. ಅಂತಹ ಕಾಲದಲ್ಲಿ ಭಾಗಗಳನ್ನು ಒಂದೊಂದಾಗಿ ಬದಲಾಯಿಸಿ ನೋಡುವುದು ಯಾರಿಗೆ ತಾನೆ ಸಾಧ್ಯ? ದೋಷವು ಎಲ್ಲಿದೆಯೆಂದು ಮೊದಲು ನಿಶ್ಚಯಿಸುವುದೇ ಜಾಣತನವಾಗಿತ್ತು.

ಆರಂಭದ ಗಾಡಿಗಳಲ್ಲಿ ವಿದ್ಯುತ್ತಿನ ಕೆಲಸ ಬಹು ಸ್ವಲ್ಪ. 1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯವರು ಬಳಕೆಗೆ ತಂದ ಅಧಿಕ ಒತ್ತಡದ ಮ್ಯಾಗ್ನೆಟೋ ಯಂತ್ರವು ಬ್ಯಾಟರಿಯ ಹಂಗಿಲ್ಲದೆ ಕಿಡಿಯನ್ನು ಹುಟ್ಟಿಸುತ್ತಿತ್ತು. ಎಂಜಿನನ್ನು ಹಿಡಿಕೆಯಿಂದ ಕೈಯಾರೆ ತಿರುಗಿಸಬೇಕಾಗಿತ್ತು. ಹಿಡಿಕೆ ಹಿಮ್ಮುಖವಾಗಿ ಒದೆದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಗಾಡಿಯಲ್ಲಿ ಬಂದ ಮೇಲೆ ಈ ಕಷ್ಟ ತೀರಿತು. ಬ್ಯಾಟರಿ, ಡೈನಮೋ, ಸ್ಟಾರ್ಟರು, ದೀಪಗಳು ಒಂದೇ ಸಂಸಾರದವಾದುವು. ಒಂದು ಸಂಸಾರವಾದ ಮೇಲೆ ಒಬ್ಬರ ದೋಷವನ್ನು ಇನ್ನೊಬ್ಬರು ಅನುಭವಿಸುವುದೂ ಸಹಜವಷ್ಟೆ.

ಹಳೆಯ ಗಾಡಿಗಳಲ್ಲಿ ಅನೇಕಕ್ಕೆ 6 ವೋಲ್ಟಿನ ಬ್ಯಾಟರಿ. ಜರ್ಮನಿಯ ಓಮ್ ಪಂಡಿತನು 1827ರಲ್ಲಿ ಪ್ರಕಟಿಸಿದ ನಿಯಮದಂತೆ, 100 ಆಂಪಿಯರ್ ಪ್ರವಾಹವು ಒಂದು ಓಮಿನ ನೂರರಲ್ಲೊಂದು ಪಾಲಿನಷ್ಟು ತಡೆಯನ್ನು ದಾಟುವಾಗ 1 ವೋಲ್ಟು ನಷ್ಟವಾಗುತ್ತದೆ. ಆರರಲ್ಲಿ ಒಂದು ಹೋಯಿತೆಂದರೆ ಆರನೆಯ ಒಂದು ಪಾಲೇ ಹೋದಂತಾಯಿತು. ಅದೇ ಕೆಲಸಕ್ಕೆ 12 ವೋಲ್ಟಿನಲ್ಲಿ ಅರ್ಧ ಪ್ರವಾಹ ಸಾಕಾದ್ದರಿಂದ ನಷ್ಟವು ಅರ್ಧ ವೋಲ್ಟು, ಅಂದರೆ ಇಪ್ಪತ್ತನಾಲ್ಕರಲ್ಲೊಂದು ಪಾಲು ಮಾತ್ರ. ಬ್ಯಾಟರಿಯ ಕಂಬದ ಮೇಲೆ ಕಟ್ಟಿದ ಹಸುರು ಬಣ್ಣದ ಕಿಲುಬು ಹಳೆಯ ಗಾಡಿಯನ್ನು ನಿಲ್ಲಿಸಲು ಶಕ್ತವಾಗುವುದು ಈ ಲೆಕ್ಕದಿಂದಲೇ.

ಪರೀಕ್ಷೆಯ ಕ್ರಮವು ಸರಳವಾದುದು. ದೊಡ್ಡ ದೀಪಗಳನ್ನು ಹತ್ತಿಸಿ ಸ್ಟಾರ್ಟರನ್ನು ಒತ್ತಬೇಕು. ದೀಪಗಳು ಪೂರ್ತಿ ಮಂಕಾದರೆ ಬ್ಯಾಟರಿ ಬರಿದಾಗಿದೆ, ಅಥವಾ ಅದರ ಜೋಡಣೆ ಕೆಟ್ಟಿದೆ, ಇಲ್ಲವೆ ಸ್ಟಾರ್ಟರೇ ಸಿಕ್ಕಿಕೊಂಡಿದೆ. ದೀಪಗಳು ಕುಂದದೆ ಉರಿಯುತ್ತಿದ್ದು ಸ್ಟಾರ್ಟರು ಮಾತ್ರ ಅಲುಗದಿದ್ದರೆ, ಪ್ರವಾಹವು ಅದನ್ನು ಮುಟ್ಟುತ್ತಲೇ ಇಲ್ಲ. ಸ್ವಿಚ್ಚನ್ನೂ ತಂತಿಯನ್ನೂ ನೋಡಬೇಕು. ಎಂಜಿನು ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯನ್ನು ಪರೀಕ್ಷಿಸಬೇಕು. ಕಿಡಿ ಕ್ಷೀಣವಾಗಿದ್ದು ಪಾಯಿಂಟುಗಳು ಸುಟ್ಟಿದ್ದರೆ ಕಂಡೆನ್ಸರಿನ ಮೇಲೆ ಸಂಶಯಪಡತಕ್ಕದ್ದು.

ಎಲ್ಲಕ್ಕಿಂತ ಮೋಸಗೊಳಿಸುವುದು ಅರ್ತಿನ ದೋಷ. ಪ್ರವಾಹವು ತಂತಿಯಲ್ಲಿ ಹೋಗಿ ಗಾಡಿಯ ಲೋಹದ ಮೈಯ ಮೂಲಕ ಹಿಂದಿರುಗುತ್ತದೆ. ತುಕ್ಕೋ ಹೊಸ ಬಣ್ಣವೋ ಆ ದಾರಿಯನ್ನು ಮುಚ್ಚಿದರೆ ಅದು ನೆರೆಯ ದೀಪದೊಳಗಿನಿಂದ ದಾರಿ ಹುಡುಕುತ್ತದೆ. ಒಂದನ್ನು ಹತ್ತಿಸಿದರೆ ಇನ್ನೊಂದು ಮಿನುಗುತ್ತದೆ. ಇನ್ನೊಂದು ಎಚ್ಚರಿಕೆ: 1930ರ ದಶಕದ ಉತ್ತರಾರ್ಧದಿಂದ 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಧನಧ್ರುವವನ್ನೇ ಮೈಗೆ ಜೋಡಿಸುತ್ತಿದ್ದರು. ಇದನ್ನರಿಯದೆ ಈಗಿನ ಉಪಕರಣಗಳನ್ನು ಸೇರಿಸಿದರೆ ಅವು ಸುಟ್ಟುಹೋಗುವುವು. ಹತ್ತಿಯ ಹೆಣಿಗೆಯೊಳಗಿನ ರಬ್ಬರು ಒಣಗಿ ಬಿರಿದಿದ್ದರೆ ಬೆಂಕಿಯ ಭಯವೂ ಉಂಟು. ಆದ್ದರಿಂದ ತಂತಿಗೆ ಕೈಯಿಡುವ ಮೊದಲು ಬ್ಯಾಟರಿಯನ್ನು ಬಿಡಿಸಬೇಕು.

1951ರಲ್ಲಿ ಬೆಂಗಳೂರಿನಲ್ಲಿಯೇ ಮೈಕೋ ಸಂಸ್ಥೆ ಹುಟ್ಟಿತು. ಕಿಡಿಯ ಪ್ಲಗ್ಗುಗಳನ್ನು ಇಲ್ಲಿಯೇ ಮಾಡುವಂತಾಯಿತು. ಈಗಿನ ಗಾಡಿಗಳು ತಮ್ಮ ರೋಗವನ್ನು ಗಣಕದ ಮೂಲಕ ತಾವೇ ಹೇಳಿಕೊಳ್ಳುತ್ತವೆ. ಹಳೆಯ ಗಾಡಿಯಾದರೋ ಮಾತನಾಡದ ರೋಗಿ. ಕಾರಣ ತಿಳಿಯದೆ ಎಲ್ಲ ತಂತಿಗಳನ್ನೂ ಕಿತ್ತು ಹೊಸದು ಹಾಕಿದರೆ ಗಾಡಿ ನಡೆಯಬಹುದು. ಆದರೆ ಅದನ್ನು ಕಟ್ಟಿದವರು ಯೋಚಿಸಿದ ರೀತಿಯು ಅಳಿಸಿಹೋಗುತ್ತದೆ. ಅಂತಹ ಗಾಡಿಯನ್ನು ಉಳಿಸಿಕೊಂಡವರು ಅದರ ತಂತಿಯ ನಕ್ಷೆಯನ್ನೂ ಉಳಿಸಿಕೊಳ್ಳಲಿ. ಅದನ್ನು ಓದುವ ವಿದ್ಯೆಯನ್ನು ಮುಂದಿನವರಿಗೆ ಕಲಿಸಲಿ.