ಒಂದು ಚಿಲಕದ ಹಿಂದಿನ ಚರಿತ್ರೆ

ಮೈಸೂರಿನ ವಿದ್ಯಾರಣ್ಯಪುರಂನ ಯಾವುದಾದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬೀರುವಿಗೊಂದು ಚಿಲಕ ಬೇಕೆಂದು ಕೇಳಿ ನೋಡಿ. ಅಂಗಡಿಯವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು ಇಂಚಿನದು? ಕಬ್ಬಿಣದ್ದೋ, ಹಿತ್ತಾಳೆಯದೋ? ಉತ್ತರ ಹೇಳಿದ ಮರುಕ್ಷಣ ಚಿಲಕವೂ ಅದಕ್ಕೆ ಹೊಂದುವ ನಾಲ್ಕು ಸ್ಕ್ರೂಗಳೂ ಕಾಗದದ ಪೊಟ್ಟಣದಲ್ಲಿ ಕೈಗೆ ಬರುತ್ತವೆ. ಮೊದಲನೆಯ ಪ್ರಶ್ನೆ ಅಳತೆಯದು, ಎರಡನೆಯದು ಲೋಹದ್ದು. ಇಷ್ಟು ಸುಲಭವಾಗಿ ಮುಗಿಯುವ ಈ ವ್ಯವಹಾರದ ಹಿಂದೆ ಸುಮಾರು ಇನ್ನೂರೈವತ್ತು ವರ್ಷಗಳ ಚರಿತ್ರೆಯಿದೆ. ಅದರ ಕೆಲವು ಮುಖ್ಯ ಅಧ್ಯಾಯಗಳು ನಡೆದದ್ದು ಊರಿನಲ್ಲಲ್ಲ, ಹಡಗುಗಳಲ್ಲಿ ಮತ್ತು ಹಡಗುಕಟ್ಟೆಗಳಲ್ಲಿ.

ವಿದ್ಯಾರಣ್ಯಪುರಂನಿಂದ ಮಂಗಳೂರಿನ ಕಡಲತೀರ ಸುಮಾರು 250 ಕಿಲೋಮೀಟರ್ ದೂರ. ಆದರೂ ಈ ಎರಡು ಪ್ರಶ್ನೆಗಳ ನಿಜವಾದ ತೂಕ ತಿಳಿಯಬೇಕಾದರೆ ಒಂದು ಹಳೆಯ ಹಾಯಿದೋಣಿಯ ಕ್ಯಾಬಿನ್ನಿನೊಳಗೆ ಇಣುಕಬೇಕು. ನಾಲ್ಕೈದು ಜನ ಮಲಗುವ, ಉಣ್ಣುವ, ಅಡುಗೆ ಮಾಡುವ ಆ ಜಾಗ ನಮ್ಮ ಮನೆಗಳ ಒಂದು ಕೋಣೆಗಿಂತ ದೊಡ್ಡದಲ್ಲ. ಗೋಡೆಯ ತುಂಬ ಗೂಡುಗಳು, ಹಾಸಿಗೆಯ ಕೆಳಗೆ ಪೆಟ್ಟಿಗೆಗಳು, ನೆಲದ ಹಲಗೆಯ ಕೆಳಗೆ ಮತ್ತಷ್ಟು ಸಾಮಾನು. ಪ್ರತಿಯೊಂದಕ್ಕೂ ಒಂದು ಬಿಜಾಗರಿ, ಒಂದು ಕೊಂಡಿ, ಎತ್ತಲೊಂದು ಬಳೆ. ಎರಡನೆಯ ಕೈಯ ದೋಣಿ ಕೊಂಡವರು ಮೊದಲು ಎಣಿಸುವುದು ಇವುಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನು. ಹಾಯಿಯೂ ಕಂಬವೂ ನೆಟ್ಟಗಿರಬಹುದು. ಕಾಣೆಯಾಗಿರುವುದು ಹೆಬ್ಬೆರಳಿನ ಗಾತ್ರದ ಇಂಥ ಸಾಮಾನುಗಳೇ.

ಮನೆಯ ಬೀರುವಿನ ಚಿಲಕ ಹೋದರೆ ಕದಕ್ಕೆ ಕಾಗದ ಮಡಿಸಿ ಸಿಕ್ಕಿಸಿ ಎಷ್ಟೋ ದಿನ ಕಳೆಯುತ್ತೇವೆ. ಸಮುದ್ರದಲ್ಲಿ ಆ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ನೆಲವೇ ಗೋಡೆಯಾಗುವ ಗಳಿಗೆಗಳುಂಟು. ಇದಕ್ಕೆ ಸಾಕ್ಷಿಯಾಗಿ ನಿಂತಿರುವುದು 1979ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಣ ಕಡಲಿನಲ್ಲಿ ನಡೆದ ಫಾಸ್ಟ್‌ನೆಟ್ ಸ್ಪರ್ಧೆ. 303 ಹಾಯಿದೋಣಿಗಳು ಹೊರಟಿದ್ದವು. ನಡುದಾರಿಯಲ್ಲಿ ಬಿರುಗಾಳಿ ಎರಗಿ 15 ಮಂದಿ ಸ್ಪರ್ಧಿಗಳು ಸತ್ತರು. 24 ದೋಣಿಗಳನ್ನು ಅವುಗಳ ನಾವಿಕರು ತೊರೆದರು. ಆ 24ರಲ್ಲಿ ಮುಳುಗಿದ್ದು 5 ಮಾತ್ರ, ಉಳಿದ 19 ದೋಣಿಗಳು ಆಮೇಲೆ ತೇಲುತ್ತಲೇ ಸಿಕ್ಕವು.

ತೇಲುವ ದೋಣಿಯನ್ನು ಜನ ಬಿಟ್ಟುಬಂದದ್ದೇಕೆ? ತನಿಖೆಯಲ್ಲಿ ಹೊರಬಿದ್ದ ಕಾರಣಗಳು ಹಲವು. ಅವುಗಳಲ್ಲಿ ಕೆಲವು ತೀರ ಸಣ್ಣವು. ದೋಣಿ ಮಗುಚಿದಾಗ ಬ್ಯಾಟರಿಗಳು, ಒಲೆಗಳು, ನೆಲದ ಹಲಗೆಗಳು ಕಟ್ಟು ಬಿಚ್ಚಿಕೊಂಡು ಕ್ಯಾಬಿನ್ನಿನೊಳಗೆ ಹಾರಾಡಿದ್ದವು. ಕ್ಯಾಬಿನ್ನಿನ ಬಾಗಿಲಿನಲ್ಲಿ ಕದದ ಬದಲು ಗಾಡಿಯಲ್ಲಿ ಜಾರಿಸಿ ಇಳಿಸುವ ಹಲಗೆಗಳಿರುತ್ತವೆ. ಅವನ್ನು ತಡೆದು ನಿಲ್ಲಿಸುವ ಅಗುಳಿ ಇಲ್ಲದ ದೋಣಿಗಳಲ್ಲಿ ಹಲಗೆಗಳು ಕಳಚಿ ಬಿದ್ದು, ಆ ಬಾಗಿಲಿನಿಂದಲೇ ಸಮುದ್ರ ಒಳಗೆ ಬಂದಿತ್ತು. ಇಂಥ ಹಲಗೆಗಳನ್ನು ಭದ್ರಪಡಿಸುವ ಏರ್ಪಾಡು ಇರಲೇಬೇಕೆಂದು ಸ್ಪರ್ಧೆಗಳ ನಿಯಮ ಬಿಗಿಯಾದದ್ದು ಆ ದುರಂತದ ನಂತರ. ಕ್ಯಾಬಿನ್ನಿನ ಚಿಲಕವೊಂದು ಕೇವಲ ಅಲಂಕಾರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇನ್ನು ಅಂಗಡಿಯವರ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಯಾವ ಲೋಹ? ನಮ್ಮ ಕರಾವಳಿಯ ಪುರಾತನ ದೋಣಿಗಾರರು ಈ ಪ್ರಶ್ನೆಯನ್ನೇ ಬಿಟ್ಟು ನಡೆದವರು. ಹಲಗೆಗೆ ಹಲಗೆ ಜೋಡಿಸಿ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು, ಮೊಳೆಯ ಮಾತೇ ಇರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳ ಮೂಲಕ ಹಾದುಹೋದ ಪ್ರವಾಸಿ ಇಬ್ನ್ ಬತೂತ ಇಂಥ ಹಡಗುಗಳ ಗುಣವನ್ನು ಬಣ್ಣಿಸಿದ್ದಾನೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ತಾಳಿಕೊಳ್ಳುತ್ತದೆ ಎಂಬುದು ಅವನ ವಿವರಣೆ. ಅದೇ ವಿಧಾನದಲ್ಲಿ ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಮೈಸೂರಿಗರಿಗೆ ಪರಿಚಿತವಾದ ಗಂಡಭೇರುಂಡ ಅದರ ಹಾಯಿಯ ಮೇಲಿದೆ.

ಆದರೆ ತೋಪುಗಳ ಭಾರ ಹೊರುವ ದೊಡ್ಡ ಹಡಗುಗಳಿಗೆ ಲೋಹ ಬೇಕೇ ಬೇಕಾಯಿತು. ಲೋಹ ಬಂದಾಗ ಲೋಹದ ರೋಗವೂ ಬಂತು. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ, ಹುಳು ತಿನ್ನದಿರಲೆಂದು, ತಾಮ್ರದ ತಗಡು ಹೊದಿಸಿತು. ಎರಡು ವರ್ಷಗಳ ನಂತರ ತೆಗೆದು ನೋಡಿದರೆ ತಾಮ್ರವೇನೋ ಚೆನ್ನಾಗಿತ್ತು, ಅದಕ್ಕೆ ತಗುಲಿದ್ದ ಕಬ್ಬಿಣದ ಮೊಳೆಗಳು ಮಾತ್ರ ಕರಗಿಹೋಗಿದ್ದವು. ವಿಚಿತ್ರವೆಂದರೆ ಅಲ್ಲಲ್ಲಿ ಕೆಲವು ಮೊಳೆಗಳು ಹೊಚ್ಚಹೊಸದರಂತಿದ್ದವು. ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದ ಅಲ್ಲಿ ಹರಿಯದೆ ನಡುವೆ ಅಂಟಿಕೊಂಡಿದ್ದೇ ಕಾರಣ. ಉಪ್ಪುನೀರಿನಲ್ಲಿ ಎರಡು ಬಗೆಯ ಲೋಹಗಳು ಒಂದನ್ನೊಂದು ಮುಟ್ಟಿದರೆ ದುರ್ಬಲವಾದದ್ದು ಕರಗುತ್ತದೆ ಎಂಬ ಪಾಠವನ್ನು ಜಗತ್ತು ಕಲಿತದ್ದು ಹೀಗೆ. ಅದರ ಹಿಂದಿನ ವಿದ್ಯುತ್ ತತ್ವ ತಿಳಿಯಲು 1800ರಲ್ಲಿ ವೋಲ್ಟಾನ ಬ್ಯಾಟರಿ ಬರಬೇಕಾಯಿತು. ಆ ತತ್ವವನ್ನು ಬಳಸಿ ಹಂಫ್ರಿ ಡೇವಿ ಹಡಗಿನ ತಾಮ್ರವನ್ನು ಉಳಿಸುವ ಪ್ರಯೋಗ ಮಾಡಿದ್ದು 1824ರಲ್ಲಿ.

ಇಂದಿಗೂ ಹಳೆಯ ಕ್ಯಾಬಿನ್ ದುರಸ್ತಿ ಮಾಡುವವರಿಗೆ ಮೊದಲ ನಿಯಮ ಇದೇ. ಹಿತ್ತಾಳೆಯ ಬಿಜಾಗರಿಗೆ ಹಿತ್ತಾಳೆಯದೇ ಸ್ಕ್ರೂ ಹಾಕಬೇಕು. ಕಬ್ಬಿಣದ ಸ್ಕ್ರೂ ಹಾಕಿದರೆ ಅದು ತುಕ್ಕು ಹಿಡಿದು ಮರವನ್ನು ಕಪ್ಪಾಗಿಸಿ, ಕೊನೆಗೆ ತಲೆ ಮುರಿದುಕೊಳ್ಳುತ್ತದೆ. ಹಿತ್ತಾಳೆಗೂ ತನ್ನದೇ ಮಿತಿಯಿದೆ. ಅದು ತಾಮ್ರ ಮತ್ತು ಸತುವಿನ ಬೆರಕೆ. ಸಮುದ್ರದ ನೀರು ಸತುವನ್ನು ಹೀರಿಕೊಂಡು ಗುಲಾಬಿ ಬಣ್ಣದ, ಸ್ಪಂಜಿನಂತೆ ಟೊಳ್ಳಾದ ತಾಮ್ರವನ್ನು ಉಳಿಸುತ್ತದೆ. ಆದ್ದರಿಂದ ಕ್ಯಾಬಿನ್ನಿನ ಒಳಗೆ ಹಿತ್ತಾಳೆ ಸಾಕು, ನೀರಿನ ಮಟ್ಟದ ಕೆಳಗೆ ಮಾತ್ರ ಬಾರದು. ಅಲ್ಲಿಗೆ ತಾಮ್ರ ಮತ್ತು ತವರದ ಬೆರಕೆಯಾದ ಕಂಚೇ ಸರಿ. ಎಂದೂ ತುಕ್ಕು ಹಿಡಿಯದೆಂದು ನಾವು ನಂಬುವ ಸ್ಟೇನ್‌ಲೆಸ್ ಸ್ಟೀಲ್ ಕೂಡ ಗಾಳಿಯಾಡದ ಒದ್ದೆ ಮರದೊಳಗೆ ಬಿರುಕಿನಲ್ಲಿ ಸವೆಯುತ್ತದೆ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಎಷ್ಟು ಇಂಚು? ಒಂದು ಕಾಲದಲ್ಲಿ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಹೊಂದುತ್ತಿರಲಿಲ್ಲ. ಎಷ್ಟೋ ಕಡೆ ಒಂದೇ ಕಾರ್ಖಾನೆಯ ಎರಡು ಬೋಲ್ಟುಗಳೂ ಪರಸ್ಪರ ಬದಲಾಗುತ್ತಿರಲಿಲ್ಲ. ಜೋಡಿ ತಪ್ಪಿದರೆ ಎರಡೂ ವ್ಯರ್ಥ. ಈ ಪರಿಸ್ಥಿತಿಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಬದಲಿಸಿದ್ದು ಹಾಯಿಹಡಗಿನ ಒಂದು ಸಣ್ಣ ಸಾಮಾನು: ಹಗ್ಗ ಎಳೆಯುವ ಮರದ ರಾಟೆ.

ಒಂದು ದೊಡ್ಡ ಯುದ್ಧನೌಕೆಗೆ ಸುಮಾರು ಒಂದು ಸಾವಿರ ರಾಟೆ ಬೇಕಾಗುತ್ತಿತ್ತು. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಒಂದು ಲಕ್ಷ. ಅಷ್ಟನ್ನೂ ಕೈಯಲ್ಲಿ ಕೆತ್ತುತ್ತಿದ್ದ ಕಾಲದಲ್ಲಿ, ಮಾರ್ಕ್ ಬ್ರೂನೆಲ್ ಎಂಬ ಇಂಜಿನಿಯರ್ ರೂಪಿಸಿ ಹೆನ್ರಿ ಮಾಡ್‌ಸ್ಲೆ ತಯಾರಿಸಿದ ಯಂತ್ರಗಳನ್ನು 1802ರಿಂದಾಚೆಗೆ ಪೋರ್ಟ್ಸ್‌ಮೌತ್ ಹಡಗುಕಟ್ಟೆಯಲ್ಲಿ ನಿಲ್ಲಿಸಲಾಯಿತು. 1808ರ ವೇಳೆಗೆ ವರ್ಷಕ್ಕೆ ಸುಮಾರು 1,30,000 ರಾಟೆಗಳು ಹೊರಬರುತ್ತಿದ್ದವು. 110 ಜನ ನುರಿತ ಕೆಲಸಗಾರರ ಕೆಲಸವನ್ನು 10 ಜನ ಮಾಡುತ್ತಿದ್ದರು. ಒಂದು ಅಳತೆಯ ರಾಟೆ ಮುರಿದರೆ ಅದೇ ಅಳತೆಯ ಇನ್ನೊಂದು ಅದರ ಜಾಗದಲ್ಲಿ ಕೂರುತ್ತಿತ್ತು. ಆ ನುರಿತವರ ಅನ್ನಕ್ಕೆ ಕುತ್ತು ಬಂದದ್ದೂ ಅದೇ ಕಥೆಯ ಇನ್ನೊಂದು ಮುಖ, ಅದನ್ನು ಮರೆಯುವಂತಿಲ್ಲ.

ಮಾಡ್‌ಸ್ಲೆಯ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂವಿನ ಸುರುಳಿಗೆ ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಎಂಬ ಸಲಹೆ ಮಂಡಿಸಿದ. ಅವನ ಸುರುಳಿಯ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಬೇರೊಂದು ಪದ್ಧತಿ ಸೂಚಿಸಿದ. ಎರಡೂ ಉಳಿದವು, ಎರಡೂ ಪರಸ್ಪರ ಹೊಂದಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಒಬ್ಬರ ಯಂತ್ರವನ್ನು ಇನ್ನೊಬ್ಬರ ಬೋಲ್ಟಿನಿಂದ ದುರಸ್ತಿ ಮಾಡಲಾಗದೆ ಪಾಡುಪಟ್ಟ ಮೇಲೆ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾಗಳು ಒಂದು ಒಪ್ಪಂದಕ್ಕೆ ಬಂದವು. ನಮ್ಮಲ್ಲಿ 1956ರ ಕಾಯಿದೆಯ ಪ್ರಕಾರ 1958ರಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂತು. ಆದರೂ ಬಡಗಿಗಳ ಬಾಯಲ್ಲಿ ಇಂಚು ಇನ್ನೂ ಜೀವಂತವಾಗಿದೆ. ಹಳೆಯ ದೋಣಿಯ ಕ್ಯಾಬಿನ್ನಿನಲ್ಲೂ ಅಷ್ಟೇ. ಅದು ಕಟ್ಟಿದ ದೇಶ ಮತ್ತು ಕಾಲಕ್ಕೆ ತಕ್ಕಂತೆ ಮೂರು ಬಗೆಯ ಸುರುಳಿಗಳಲ್ಲಿ ಯಾವುದಾದರೂ ಇರಬಹುದು. ಬಲವಂತವಾಗಿ ತಿರುಗಿಸಿದರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ.

ಅಳತೆ ಎಲ್ಲೆಡೆ ಒಂದಾದರೂ ಸಮಸ್ಯೆ ಮುಗಿಯಲಿಲ್ಲ. 1959ರಲ್ಲಿ ಅಮೆರಿಕದ ಪಿಯರ್ಸನ್ ಕಂಪನಿ 28 ಅಡಿಯ ‘ಟ್ರೈಟನ್’ ದೋಣಿಯನ್ನು ನ್ಯೂಯಾರ್ಕಿನ ಪ್ರದರ್ಶನದಲ್ಲಿಟ್ಟ ಮೇಲೆ ಫೈಬರ್ ಗ್ಲಾಸ್ ದೋಣಿಗಳು ಸಾಲುಸಾಲಾಗಿ ತಯಾರಾದವು. ಮರದಂತೆ ಕೊಳೆಯದ ಆ ಒಡಲುಗಳು ಇಂದಿಗೂ ತೇಲುತ್ತಿವೆ. ಅವುಗಳನ್ನು ಕಟ್ಟಿದ ಕಂಪನಿಗಳಲ್ಲಿ ಎಷ್ಟೋ ಮುಚ್ಚಿಹೋಗಿವೆ. ಕಂಪನಿ ಮುಚ್ಚಿದ ದಿನ ಅದರ ವಿಶಿಷ್ಟ ಆಕಾರದ ಚಿಲಕವೂ ಹಿಡಿಕೆಯೂ ಮಾರುಕಟ್ಟೆಯಿಂದ ಮಾಯವಾದವು. ಮೈಸೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಹಳೆಯ ಗಾಡಿಯಿಂದ ಬಿಚ್ಚಿಟ್ಟ ಭಾಗ, ಲೇತ್‌ನಲ್ಲಿ ಹೊಸದಾಗಿ ತಿರುವಿದ ಭಾಗ, ಇವೇ ಅವುಗಳ ಆಯುಷ್ಯ.

ದೋಣಿಯಲ್ಲೂ ದಾರಿ ಅದೇ. ಕಾಣೆಯಾದ ಭಾಗದ ಜೋಡಿಯನ್ನು ಮೊದಲು ಎದುರು ಬದಿಯಲ್ಲಿ ಹುಡುಕಬೇಕು, ಏಕೆಂದರೆ ಕ್ಯಾಬಿನ್ನಿನ ಎಡ ಬಲಗಳು ಬಹುಮಟ್ಟಿಗೆ ಒಂದರ ಪ್ರತಿಬಿಂಬ ಇನ್ನೊಂದು. ಸ್ಕ್ರೂ ತೂತುಗಳ ನಡುವಣ ಅಂತರವನ್ನು ಮಧ್ಯದಿಂದ ಮಧ್ಯಕ್ಕೆ ಅಳೆಯಬೇಕು. ಅಯಸ್ಕಾಂತ ಹಿಡಿದು ಲೋಹದ ಜಾತಿ ನೋಡಬೇಕು. ಸಡಿಲವಾದ ತೂತಿಗೆ ಮರದ ಕಡ್ಡಿಯನ್ನು ಅಂಟು ಹಚ್ಚಿ ತುಂಬಿ, ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು. ಹಿತ್ತಾಳೆಯ ಸ್ಕ್ರೂ ಮೆದು, ಆದ್ದರಿಂದ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು, ಮೇಣ ಸವರಿದ ಹಿತ್ತಾಳೆಯದನ್ನು ಕೂರಿಸಬೇಕು. ಎಲ್ಲಿಯೂ ಸಿಗದ ಭಾಗವನ್ನು ಎರಕ ಹೊಯ್ಯಿಸಬೇಕು. ಉಳಿದಿರುವ ಜೋಡಿಯನ್ನೇ ಅಚ್ಚಾಗಿ ಮರಳಿನಲ್ಲಿ ಒತ್ತಿದರೆ ಸಾಲದು. ಹಿತ್ತಾಳೆ ತಣಿಯುವಾಗ ನೂರಕ್ಕೆ ಸುಮಾರು ಒಂದೂವರೆಯಷ್ಟು ಕುಗ್ಗುತ್ತದೆ, ಅಚ್ಚು ಅಷ್ಟು ದೊಡ್ಡದಿರಬೇಕು. ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ಮನೆತನಗಳಿಗೆ ಈ ಕುಗ್ಗುವಿಕೆಯ ಲೆಕ್ಕ ಹೊಸದೇನಲ್ಲ.

ಇಷ್ಟು ಪಾಡು ಯಾರಿಗೆ ಬೇಕು ಎಂದು ಕೇಳುವವರು ಬೆಂಗಳೂರಿನ ಹಲಸೂರು ಕೆರೆಯ ಕಡೆ ನೋಡಬಹುದು. ಅಲ್ಲಿ ಸೇನೆಯ ಇಂಜಿನಿಯರುಗಳು ನಡೆಸುವ ಹಾಯಿದೋಣಿ ಸಂಘದ ಹೆಸರು ‘ತೃಷ್ಣಾ’. ಸಂಘಕ್ಕೆ ಈ ಹೆಸರು ಬಂದದ್ದು ಒಂದು ದೋಣಿಯಿಂದ. ಸೇನೆಯ ಇಂಜಿನಿಯರುಗಳು ಬ್ರಿಟನ್ನಿನಲ್ಲಿ ಎರಡನೆಯ ಕೈಯಲ್ಲಿ ಕೊಂಡ 37 ಅಡಿಯ ಆ ದೋಣಿ 1985ರ ಸೆಪ್ಟೆಂಬರ್‌ನಲ್ಲಿ ಬೊಂಬಾಯಿಯಿಂದ ಹೊರಟು, ಭೂಮಿಯನ್ನು ಸುತ್ತಿ, 1987ರ ಜನವರಿಯಲ್ಲಿ ಮರಳಿತು. ಹಾಯಿದೋಣಿಯಲ್ಲಿ ಭಾರತೀಯರು ಮಾಡಿದ ಮೊದಲ ಭೂಪ್ರದಕ್ಷಿಣೆ ಅದು. ನಡುಗಡಲಿನಲ್ಲಿ ಅಂಗಡಿಯಿರುವುದಿಲ್ಲ. ಇದರ ಅರ್ಥ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿಯವರಿಗೆ ಚೆನ್ನಾಗಿ ಗೊತ್ತು. 2022–23ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಒಬ್ಬರೇ ಭೂಮಿ ಸುತ್ತುವಾಗ ದೋಣಿಯನ್ನು ತಾನಾಗಿ ನಡೆಸುವ ಚುಕ್ಕಾಣಿಯ ಅಲಗುಗಳು ಮುರಿದವು. ಅವರು ಕ್ಯಾಬಿನ್ನಿನ ಶೌಚಾಲಯದ ಬಾಗಿಲನ್ನೇ ಕೊಯ್ದು ಹೊಸ ಅಲಗು ಮಾಡಿಕೊಂಡರು. 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು.

ಅಂಗಡಿಯ ಎರಡು ಪ್ರಶ್ನೆಗಳಿಗೆ ವಿಟ್‌ವರ್ತ್‌ನಂಥವರೂ ಅಲಾರ್ಮ್ ಹಡಗಿನ ಮೊಳೆಗಳೂ ಉತ್ತರ ಒದಗಿಸಿವೆ. ಉಳಿದಿರುವ ಮೂರನೆಯ ಪ್ರಶ್ನೆಯನ್ನು ಅಂಗಡಿಯವರು ಕೇಳುವುದಿಲ್ಲ, ನಾವೇ ಕೇಳಿಕೊಳ್ಳಬೇಕು: ಈ ಭಾಗ ಯಾವ ಅಂಗಡಿಯಲ್ಲೂ ಇಲ್ಲದ ದಿನ ಇದನ್ನು ಮಾಡಿಕೊಡುವವರು ಯಾರು? ಲೇತ್ ತಿರುವುವವರು, ಎರಕ ಹೊಯ್ಯುವವರು, ಮರದ ತೂತಿಗೆ ಕಡ್ಡಿ ತುಂಬಿ ಸ್ಕ್ರೂ ಕೂರಿಸುವ ಬಡಗಿಗಳು ನಮ್ಮ ಊರುಗಳಲ್ಲಿ ಇರುವವರೆಗೆ ಮಾತ್ರ ಹಳೆಯ ದೋಣಿ, ಹಳೆಯ ಮೋಟಾರ್ ಸೈಕಲ್, ಅಜ್ಜನ ಕಾಲದ ಬೀರು ಇವೆಲ್ಲ ಬಳಕೆಯಲ್ಲಿ ಉಳಿಯುತ್ತವೆ.